ಒಂದು ಸಿಗರೇಟಿಗೆ ಎರಡು ಆಣೆ

ತಾನು ಬಾಯಿ ತೆರೆದ ಮೇಲೆ ತಾಂತಾ ಊರಿನಲ್ಲಿ ಬೇರೆ ಯಾರೂ ಬಾಯಿ ತೆರೆಯುವ ಅಗತ್ಯವಿಲ್ಲ ಎಂಬುದು ಉಸ್ತಾದ್ ರಿಫಾತರ ಅಚಲ ನಂಬಿಕೆ. ಹುಡುಗರ ಶಾಲೆಯಲ್ಲಿ ಅರಬ್ಬಿ ಭಾಷೆ ಕಲಿಸುವ ಮೇಷ್ಟ್ರು ಅವರು. ಪಾಠ ಬರೀ ವ್ಯಾಕರಣದ್ದಾದರೂ ಧಾಟಿ ಮಾತ್ರ ಸೈನ್ಯವನ್ನು ರಣರಂಗಕ್ಕೆ ಹೊರಡಿಸುವ ಸೇನಾಪತಿಯದು! ಹೀಗಾಗಿ ಆ ದಿನ ಹೆಂಡತಿ ಇನ್ಸಾಫ್, ಮಗ ಹಾತಿಮನ ಶಾಲೆಯ ಚೀಲದಲ್ಲಿ ಸಿಕ್ಕ ಸೊಟ್ಟ ಸಿಗರೇಟೊಂದನ್ನು ತಂದು ಅವರ ಟೀ ಲೋಟದ ಪಕ್ಕ ಇಟ್ಟಾಗ ಅವರಿಗೆ ಗಾಬರಿಯಾಗಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಯಿತು. ಮಾತನಾಡಲು ಒಂದು ವಿಷಯ ಸಿಕ್ಕಿತಲ್ಲ!

"ಮಗನ ಚೀಲದಲ್ಲಿತ್ತು. ಬ್ರ್ಯಾಂಡು ಮಾತ್ರ ನಿಮ್ದೇ," ಅಂದಳು ಇನ್ಸಾಫ್.

"ನೀನು ಚಿಂತೆ ಬಿಡು. ಇವತ್ತು ನಾನು ಹೇಳೋ ಬುದ್ಧಿವಾದಕ್ಕೆ ಈ ಮನೇಲಿ ಇನ್ನು ಏಳು ತಲೆಮಾರು ಯಾರೂ ಬೆಂಕಿಕಡ್ಡಿ ಗೀರಬಾರದು, ಹಾಗ್ ಮಾಡ್ತೀನಿ."

"ಒಲೆ ಹಚ್ಚೋಕೆ ಒಂದಾದ್ರೂ ಉಳಿಸಿ," ಎಂದು ಇನ್ಸಾಫ್ ಅಡುಗೆಮನೆಗೆ ಹೊರಟುಹೋದಳು.

ಉಸ್ತಾದರು ಭಾಷಣದ ತಯಾರಿಗೆಂದು ಬಾಲ್ಕನಿಗೆ ಬಂದು ಕುಳಿತರು. ಯೋಚನೆ ಹರಿಯಬೇಕಾದರೆ ಹೊಗೆ ಬೇಕು. ಅದು ಅವರ ಹಳೆಯ ಅಭ್ಯಾಸ. ಪೀಠಿಕೆಗೆ ಒಂದು ಸಿಗರೇಟು ಹಿಡಿಯಿತು. ಶ್ವಾಸಕೋಶದ ಭಾಗ ಸ್ವಲ್ಪ ಕಠಿಣ, ಅದಕ್ಕೆ ಎರಡು ಬೇಕಾಯಿತು. ಹಲ್ಲು, ಒಸಡು, ಹೃದಯ ಮುಗಿಸಿ ಉಪಸಂಹಾರಕ್ಕೆ ಬರುವಷ್ಟರಲ್ಲಿ ಪ್ಯಾಕೆಟ್ಟೇ ಖಾಲಿ! ಹಗ್ಗ ಕಟ್ಟಿದ ಬುಟ್ಟಿಯನ್ನು ಬಾಲ್ಕನಿಯಿಂದ ಕೆಳಗಿನ ಅಂಗಡಿಗೆ ಇಳಿಬಿಟ್ಟು, ಕೂಗಿ, ಹೊಸ ಪ್ಯಾಕೆಟ್ಟು ಮೇಲಕ್ಕೆಳೆದುಕೊಂಡರು. ಧೂಮಪಾನದ ಕೇಡುಗಳನ್ನು ಕುರಿತು ತಾಂತಾದಲ್ಲಿ ಅಷ್ಟು ಹೊಗೆ ಕುಡಿದು ಯೋಚಿಸಿದವರು ಅವರಿಗಿಂತ ಮೊದಲು ಯಾರೂ ಇದ್ದಿರಲಾರರು.

ಊಟವಾದ ಮೇಲೆ ಮಕ್ಕಳಿಬ್ಬರನ್ನೂ ಸೋಫಾದ ಮೇಲೆ ಕೂರಿಸಿದರು. ಹಾತಿಮನಿಗೆ ಮೀಸೆ ಬರುತ್ತೇನೆ ಬರುತ್ತೇನೆ ಎನ್ನುತ್ತಿದ್ದ ವಯಸ್ಸು. ಅವನ ತಂಗಿ ನಜ್ಲಾ ಇನ್ನೂ ಚಿಕ್ಕವಳು. ಪ್ರಶ್ನೆ ಕೇಳುವುದೇ ಅವಳ ಕಸುಬು. ತಪ್ಪು ಮಾಡಿದವನು ಅಣ್ಣ, ತನ್ನನ್ನೇಕೆ ಕೂರಿಸಿದಿರಿ ಎಂಬುದೇ ಅವಳ ಮೊದಲ ಪ್ರಶ್ನೆಯಾಗಿತ್ತು. ಮುಂದೆ ತಪ್ಪು ಮಾಡದಿರಲಿ ಅಂತ, ಎಂದು ಹೇಳಿ ಉಸ್ತಾದರು ಶುರುಮಾಡಿದರು.

ಏನು ಮಾತು, ಏನು ಓಘ! ಸಿಗರೇಟು ಮೊದಲು ಬಾಯಿಯ ರುಚಿಯನ್ನು ಕೇಳುತ್ತದೆ, ಆಮೇಲೆ ಹಲ್ಲನ್ನು, ಆಮೇಲೆ ಉಸಿರನ್ನು ಎಂದರು. ಸೇದುವವನ ಎದೆಯ ಒಳಗೋಡೆ ರೊಟ್ಟಿ ಸುಡುವವನ ಭಟ್ಟಿಯ ಹಾಗೆ ಕಪ್ಪಾಗುತ್ತದೆ ಎಂದರು. ತಮ್ಮ ತಂದೆಯ ಕೆಮ್ಮಿನ ಕಥೆ ಹೇಳಿದರು. ಬೀದಿಯವರು ಆ ಕೆಮ್ಮು ಕೇಳಿಯೇ ಬೆಳಗಾಯಿತೆಂದು ಏಳುತ್ತಿದ್ದರಂತೆ, ಒಂದು ಬೆಳಿಗ್ಗೆ ಕೆಮ್ಮು ಕೇಳಿಸಲೇ ಇಲ್ಲವಂತೆ. ಹಾತಿಮ್ ತಲೆ ತಗ್ಗಿಸಿದ. ಗೆದ್ದೆ ಎಂದುಕೊಂಡರು ಉಸ್ತಾದರು.

ಆಗ ನಜ್ಲಾ ಕೇಳಿದಳು: "ಅಪ್ಪ, ಇಷ್ಟೆಲ್ಲಾ ಗೊತ್ತಿದ್ದೂ ನೀವ್ಯಾಕೆ ಸೇದ್ತೀರ?"

ಇದು ತಯಾರಿಯಲ್ಲಿ ಇರಲಿಲ್ಲ. ಶಾಸ್ತ್ರ ಹೇಳೋಕೆ, ಬದನೇಕಾಯಿ ತಿನ್ನೋಕೆ ಎಂದು ಮಗಳಿಗೆ ಒಪ್ಪಿಸಲಾದೀತೇ? ನನ್ನದು ಹಳೇ ಚಾಳಿ, ವಯಸ್ಸಾಯಿತು, ಸಂಸಾರದ ಭಾರ ಎಂದೆಲ್ಲ ತೊದಲಿದರು. ಹಾತಿಮ್ ತಲೆಯೆತ್ತಿ, ಮೆಲ್ಲಗೆ, ಕುಹಕವಿಲ್ಲದೆ, ಬಹಳ ಕನಿಕರದಿಂದಲೇ ಹೇಳಿದ: "ಅಂದ್ರೆ ಬಿಡೋಕೆ ನಿಮ್ ಕೈಲಿ ಆಗಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಆ ಕನಿಕರವನ್ನು ತಡೆದುಕೊಳ್ಳಲಾಗಲಿಲ್ಲ. ಉಸ್ತಾದರು ಧಡಕ್ಕನೆ ಎದ್ದು ನಿಂತು, ಬಲಗೈ ಮೇಲೆತ್ತಿ ಗುಡುಗಿದರು: "ಆಗಲ್ವಾ? ಇನ್ನೊಂದು ಸಿಗರೇಟು ಈ ತುಟಿಗೆ ತಾಕಿದ್ರೆ ನನ್ನ ಮೇಲೆ ತಲಾಖಿನ ಆಣೆ!"

ಮಾತು ತಪ್ಪಿದರೆ ಹೆಂಡತಿಗೆ ತಲಾಖ್ ಆದಂತೆಯೇ ಎಂಬ ಈ ಆಣೆ ನಮ್ಮ ಗಂಡಸರ ನಾಲಿಗೆ ತುದಿಯಲ್ಲೇ ಇರುತ್ತದೆ. ನೀವು ಟೀ ಕುಡಿಯದೆ ಹೊರಟರೆ ನನ್ನ ಮೇಲೆ ತಲಾಖ್, ಊಟ ಮಾಡದೆ ಎದ್ದರೆ ನನ್ನ ಮೇಲೆ ತಲಾಖ್, ಕಲ್ಲಂಗಡಿ ಹಣ್ಣು ಕೆಂಪಗಿಲ್ಲದಿದ್ದರೆ ನನ್ನ ಮೇಲೆ ತಲಾಖ್! ಇತ್ತ ಮನೆಯಲ್ಲಿ ಹಿಟ್ಟು ನಾದುತ್ತಿರುವ ಹೆಂಡತಿಗೆ, ತನ್ನ ಮದುವೆ ಈಗ ಯಾವುದೋ ಕಲ್ಲಂಗಡಿಯ ಹೊಟ್ಟೆಯೊಳಗೆ ಕುಳಿತಿದೆ ಎಂಬ ಸುದ್ದಿಯೇ ಇರುವುದಿಲ್ಲ. ಆದರೆ ಅದೆಲ್ಲ ಪೇಟೆಯ ಮಾತು. ಮನೆಯೊಳಗೆ, ಮಕ್ಕಳೆದುರು, ಹೆಂಡತಿ ಬಾಗಿಲಲ್ಲೇ ಸೌಟು ಹಿಡಿದು ನಿಂತಿರುವಾಗ ಇಡುವ ಆಣೆಯಲ್ಲ ಇದು.

ಇನ್ಸಾಫ್ ಸೌಟನ್ನು ಮೇಜಿನ ಮೇಲಿಟ್ಟಳು. "ಸೇದೋರು ನೀವು, ಪಣಕ್ಕಿಟ್ಟಿದ್ದು ನನ್ನನ್ನಾ? ಹಲ್ಲು ಹೋಗುತ್ತೆ, ಎದೆ ಹೋಗುತ್ತೆ ಅಂತ ಅಷ್ಟು ಹೊತ್ತಿಂದ ಹೇಳ್ತಿದ್ರಲ್ಲ ಹಾತಿಮನ ಅಪ್ಪಾ, ಹೆಂಡತೀನೂ ಹೋಗ್ತಾಳೆ ಅನ್ನೋದನ್ನ ಕೊನೇಗೆ ಇಟ್ಕೊಂಡಿದ್ರಾ?"

ಉಸ್ತಾದರು ಅದು ಮಾತಿನ ಭರದಲ್ಲಿ ಬಂದದ್ದು ಎಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಆಡಿದ್ದೀರಿ, ಇನ್ನು ಉಳಿಸಿಕೊಳ್ಳಿ, ನಾನು ಇಷ್ಟು ವರ್ಷ ಕಟ್ಟಿದ ಮನೆ ನಿಮ್ಮ ಒಂದು ದಮ್ಮಿಗೆ ಹಾರಿಹೋಗುವುದು ನನಗೆ ಬೇಡ ಎಂದಳು ಇನ್ಸಾಫ್. ತಮಾಷೆಯ ದನಿಯಲ್ಲೇ ಹೇಳಿದಳು. ಆದರೆ ಆವತ್ತು ಅವಳು ಅವರಿಗೆ ಎರಡನೇ ಲೋಟ ಟೀ ಕೊಡಲಿಲ್ಲ.

ಮುಂದಿನ ದಿನಗಳ ಪಾಡು ವೈರಿಗೂ ಬೇಡ! ಸಿಗರೇಟಿನ ಬದಲು ಉಸ್ತಾದರು ಹುರಿದ ಕಲ್ಲಂಗಡಿ ಬೀಜ ಕಡಿಯಲು ಶುರುಮಾಡಿದರು. ಹಾಸಿಗೆ, ಜೇಬು, ಮಕ್ಕಳ ಪರೀಕ್ಷೆಯ ಹಾಳೆ, ಎಲ್ಲೆಲ್ಲೂ ಸಿಪ್ಪೆಯೋ ಸಿಪ್ಪೆ. ಬೀದಿಯಲ್ಲಿ ಯಾರಾದರೂ ಸೇದುತ್ತ ಹೋದರೆ ತಮಗೆ ಕೆಲಸವಿಲ್ಲದ ದಿಕ್ಕಿಗೂ ಅವರ ಹಿಂದೆ ನಡೆದು ಹೋಗುವರು. ಮನೆಗೆ ಬಂದರೆ ಬಾಗಿಲಲ್ಲೇ ನಜ್ಲಾ ನಿಂತು ಅಂಗಿ ಮೂಸಿ ನೋಡಿ ಒಳಗೆ ಬಿಡುವಳು. ಕಸ್ಟಮ್ಸಿನವರೂ ಅಷ್ಟು ಕಟ್ಟುನಿಟ್ಟಿಲ್ಲ ಬಿಡಿ. ಒಂದು ಲಾಭವೇನೆಂದರೆ, ಹಾತಿಮ್ ಅಪ್ಪನನ್ನು ನೋಡುವ ನೋಟವೇ ಬೇರೆಯಾಗಿತ್ತು. ಅಪ್ಪ ತಡೆದುಕೊಂಡಿದ್ದಾನೆ ಎಂದು ಅವನು ಗೆಳೆಯರ ಬಳಿ ಹೇಳಿಕೊಂಡು ತಿರುಗುತ್ತಿದ್ದ. ಇನ್ಸಾಫಳೂ ಎರಡನೇ ಲೋಟ ಟೀ ಮತ್ತೆ ಕೊಡತೊಡಗಿದಳು.

ಅಷ್ಟರಲ್ಲಿ ಇನ್ಸಾಫಳ ತಮ್ಮ ಶಹಾತಾನಿಗೆ ಗಂಡುಮಗುವಾಯಿತು. ಸಾಲಾಗಿ ನಾಲ್ಕು ಹೆಣ್ಣುಮಕ್ಕಳಾದ ಮೇಲೆ ಹುಟ್ಟಿದ ಗಂಡು! ಈ ಶಹಾತಾನ ಹೆಂಡತಿ ವಿದಾದ್ ಬೇರೆ ಯಾರೂ ಅಲ್ಲ, ಉಸ್ತಾದರ ಸ್ವಂತ ತಂಗಿ. ಅಕ್ಕನನ್ನು ಕೊಟ್ಟು ತಂಗಿಯನ್ನು ತಂದುಕೊಂಡ ಮನೆತನ. ಏಳನೇ ದಿನದ ಶಾಸ್ತ್ರಕ್ಕೆ ಶಹಾತಾನ ಮನೆಯಲ್ಲಿ ನೆಂಟರಿಷ್ಟರೆಲ್ಲ ಸೇರಿದರು. ಹೆಂಗಸರ ಕೋಣೆಯಲ್ಲಿ ಮಗುವನ್ನು ಜರಡಿಯಲ್ಲಿ ಮಲಗಿಸಿ, ಅಜ್ಜಿ ಹಾಜ್ಜಾ ತಫೀದಾ ಅದರ ಕಿವಿಯ ಬಳಿ ಹಿತ್ತಾಳೆ ಕುಟ್ಟಾಣಿಯನ್ನು ಢಣ್ ಢಣ್ ಎಂದು ಕುಟ್ಟುತ್ತ ಪದ್ಧತಿಯ ಬುದ್ಧಿವಾದ ಹೇಳುತ್ತಿದ್ದಳು: ಅಮ್ಮನ ಮಾತು ಕೇಳು ಕಂದಾ, ಅಪ್ಪನ ಮಾತು ಕೇಳಬೇಡ! ಉಸ್ತಾದರ ಅತ್ತೆ ಈಕೆ. ಅಳಿಯ ಬಾಗಿಲ ಮುಂದೆ ಹಾದುಹೋದಾಗ ಕುಟ್ಟಾಣಿಯನ್ನು ಸ್ವಲ್ಪ ಜೋರಾಗಿಯೇ ಕುಟ್ಟಿದಳು.

ಗಂಡಸರ ಕೋಣೆಯಲ್ಲಿ ಶಹಾತಾ ಸ್ವತಃ ಬೆಳ್ಳಿಬಣ್ಣದ ತಟ್ಟೆ ಹಿಡಿದು ತಿರುಗುತ್ತಿದ್ದ. ತಟ್ಟೆಯ ತುಂಬ ವಿದೇಶಿ ಸಿಗರೇಟು. ನಮ್ಮಲ್ಲಿ ಸಿಹಿ ಬೇಡ ಎನ್ನಬಹುದು, ಹೊಟ್ಟೆ ತುಂಬಿದೆ ಎನ್ನಬಹುದು. ಆದರೆ ಗಂಡುಮಗುವಾದವನು ನೀಡಿದ ಸಿಗರೇಟನ್ನು ಬೇಡ ಎಂದರೆ ಮಗುವನ್ನು ಕಂಡು ಹೊಟ್ಟೆ ಉರಿಯಿತು ಅಂತಲೇ ಅರ್ಥ. ತಟ್ಟೆ ಉಸ್ತಾದರ ಮುಂದೆ ಬಂತು. ಅವರು ಎದೆಯ ಮೇಲೆ ಕೈಯಿಟ್ಟು, ಯಾಕೋ ಎರಡು ದಿನದಿಂದ ಎದೆ ಸರಿಯಿಲ್ಲ ಎಂದರು.

"ನನ್ನ ಮಗನ ಏಳನೇ ದಿನಕ್ಕೇ ಸರಿಯಾಗಿ ನಿಮ್ಮ ಎದೆ ಕೆಡ್ತಾ ಭಾವ?" ಅಂದ ಶಹಾತಾ.

ನೆಂಟರೆಲ್ಲ ತಿರುಗಿ ನೋಡಿದರು. ಉಸ್ತಾದರು ಚುರುಕಾಗಿ ಒಂದು ಸಿಗರೇಟು ತೆಗೆದುಕೊಂಡು, ನಗುನಗುತ್ತ ಕಿವಿಯ ಸಂದಿಗೆ ಸಿಕ್ಕಿಸಿಕೊಂಡರು. ಆಮೇಲೆ ಸೇದುತ್ತೇನೆ ಎಂದು ಸೂಚಿಸುವ ಮರ್ಯಾದೆಯ ದಾರಿ ಅದು. ಬೇರೆ ದಿನವಾಗಿದ್ದರೆ ನಡೆಯುತ್ತಿತ್ತು. ಆದರೆ ನಾಲ್ಕು ಸಲ ಜನರಿಂದ ಸಮಾಧಾನದ ಮಾತು ಕೇಳಿಸಿಕೊಂಡಿದ್ದ ಶಹಾತಾನಿಗೆ ಇವತ್ತು ಯಾರ 'ಆಮೇಲೆ'ಯೂ ಬೇಕಿರಲಿಲ್ಲ.

"ಕಿವೀಲಿ ಸೇದ್ತೀರಾ?" ಎಂದು ಕೇಳಿ ಲೈಟರನ್ನು ಹಚ್ಚಿಕೊಂಡೇ ಹತ್ತಿರ ಬಂದ. "ನೀವೇ ಹೀಗ್ ಮಾಡಿದ್ರೆ ಹೊರಗಿನೋರು ಏನಂದಾರು? ಈಗ, ನನ್ನ ಕಣ್ಣೆದುರಿಗೇ ಇದನ್ನ ಸೇದದೆ ಹೋದ್ರೆ ನನ್ನ ಮೇಲೆ ತಲಾಖಿನ ಆಣೆ!"

ಅತ್ತ ದರಿ, ಇತ್ತ ಪುಲಿ! ಸೇದಿದರೆ ಹೆಂಡತಿ ಹೋಗುತ್ತಾಳೆ, ಸೇದದಿದ್ದರೆ ತಂಗಿ ಹೋಗುತ್ತಾಳೆ. ಇಬ್ಬರೂ ಪಕ್ಕದ ಕೋಣೆಯಲ್ಲಿ ಜರಡಿಯ ಸುತ್ತ ನಿಂತು ನಗುತ್ತಿದ್ದಾರೆ. ಇಲ್ಲಿ ಅವರಿಬ್ಬರ ಸಂಸಾರಗಳೂ ಒಂದು ಲೈಟರಿನ ಬೆಂಕಿಯ ಮುಂದೆ ಸಾಲಾಗಿ ನಿಂತಿವೆ. ನಿಜ ಹೇಳೋಣವೆಂದರೆ, ನಿನ್ನ ಅಕ್ಕನ ಮೇಲೆ ಆಣೆ ಇಟ್ಟಿದ್ದೇನೆ ಎಂದು ಶಹಾತಾನಿಗೆ ಯಾವ ಬಾಯಲ್ಲಿ ಹೇಳುವುದು? ಜೀವಮಾನದಲ್ಲಿ ಮೊದಲ ಸಲ ಉಸ್ತಾದ್ ರಿಫಾತರಿಗೆ ಮಾತೇ ಹೊರಡಲಿಲ್ಲ.

ಹೊರಟದ್ದು ಮಗನಿಗೆ. ಪಕ್ಕದಲ್ಲೇ ನಿಂತಿದ್ದ ಹಾತಿಮ್ ಅಪ್ಪನ ತೋಳು ಹಿಡಿದುಕೊಂಡು ಅಳು ದನಿಯಲ್ಲಿ ಅಂದ: "ಬೇಡ ಮಾಮ. ಅಪ್ಪ ಸೇದಿದ್ರೆ ಅಮ್ಮಂಗೆ ತಲಾಖ್ ಆಗುತ್ತೆ."

ಶಹಾತಾನ ಲೈಟರು ಆರಿತು. "ನಮ್ಮಕ್ಕನ್ನ ಒಂದು ಸಿಗರೇಟಿಗೆ ನೇತು ಹಾಕಿದ್ರಾ?" ಎಂದು ಕೇಳಿದ.

"ನೀನೀಗ ನನ್ನ ತಂಗೀನ ಎಲ್ಲಿ ನೇತು ಹಾಕಿದೆ? ಅದೇ ಸಿಗರೇಟಿಗೆ!"

ಪಕ್ಕದ ಕೋಣೆಯ ಕುಟ್ಟಾಣಿ ನಿಂತಿತು. ಹೆಂಗಸರೆಲ್ಲ ಬಾಗಿಲಿಗೆ ಬಂದರು. ವಿಷಯ ತಿಳಿದು, ಹಸಿ ಬಾಣಂತಿ ವಿದಾದಳ ಮುಖ ಬಿಳಿಚಿಕೊಂಡಿತು. ನಾಲ್ಕು ಹೆಣ್ಣಾದಾಗ ಬಿಡದ ಗಂಡ, ಗಂಡುಮಗುವಾದ ಮೇಲೆ ಬಿಟ್ಟನೇ ಎಂದು ಅವಳು ಅಳತೊಡಗಿದಳು. ಇನ್ಸಾಫ್ ಮಾತ್ರ ಗಂಡನ ಕಿವಿಯ ಸಂದಿಯನ್ನೇ ನೋಡುತ್ತಿದ್ದಳು.

ಮೂಲೆಯಲ್ಲಿ ಬಾದಾಮಿ ಮೆಲ್ಲುತ್ತ ಕುಳಿತಿದ್ದ ಮಸೀದಿಯ ಶೇಖ್ ಮಬ್ರೂಕರತ್ತ ಎಲ್ಲರ ಕಣ್ಣೂ ತಿರುಗಿತು. ಅವರು ಕೈ ಒರೆಸಿಕೊಂಡು, ಹೆಂಡತಿಯನ್ನು ಬಿಡುವ ಮನಸ್ಸಿತ್ತೇ ಎಂದು ಮೊದಲು ಶಹಾತಾನನ್ನು ಕೇಳಿದರು. ದೇವರೇ, ನನಗಿದ್ದದ್ದು ಸಿಗರೇಟು ಕೊಡುವ ಮನಸ್ಸು ಮಾತ್ರ ಎಂದ ಅವನು. ಆಮೇಲೆ ಉಸ್ತಾದರನ್ನು ಕೇಳಿದರು.

"ಬಿಡೋದಾ?" ಅಂದರು ಉಸ್ತಾದರು. ಭಾಷಣದ ಗತ್ತು ಎಲ್ಲೋ ಹೋಗಿತ್ತು. "ಅವಳಿಲ್ದೆ ನಮ್ಮನೇಲಿ ಉಪ್ಪಿನ ಡಬ್ಬ ಎಲ್ಲಿದೆ ಅಂತಾನೂ ನಂಗೊತ್ತಿಲ್ಲ ಶೇಖ್. ಅವಳನ್ನ ಬಿಟ್ಟು ನಾನೆಲ್ಲಿಗೆ ಹೋಗ್ಲಿ?"

ಹೆಂಗಸರ ಕಡೆಯಿಂದ ಯಾರೋ ಮೂಗು ಸೀಟಿದರು. ತಮಗೆ ತಿಳಿದ ಮಟ್ಟಿಗೆ ಇದು ತಲಾಖಲ್ಲ, ನಾಲಿಗೆಯ ಪೊಗರು, ಆಣೆ ಮುರಿದವನು ತನ್ನ ಮನೆಯಲ್ಲಿ ಉಣ್ಣುವಂಥ ಊಟವನ್ನೇ ಹತ್ತು ಜನ ಬಡವರಿಗೆ ಉಣಿಸಿ ಪ್ರಾಯಶ್ಚಿತ್ತ ಮಾಡಿಕೊಂಡರಾಯಿತು ಎಂದರು ಶೇಖ್. ಇಬ್ಬರಲ್ಲಿ ಒಬ್ಬರಂತೂ ಮುರಿಯಲೇಬೇಕು, ಯಾರು ಅಂತ ನೀವೇ ತೀರ್ಮಾನಿಸಿ ಎಂದು ಮತ್ತೆ ಬಾದಾಮಿಗೆ ಕೈ ಹಾಕಿದರು.

ಆಗ ನೋಡಬೇಕಿತ್ತು ಉಸ್ತಾದರನ್ನು! ಹೋದ ಗತ್ತೆಲ್ಲ ಬಡ್ಡಿ ಸಮೇತ ಮರಳಿ ಬಂತು. "ನಾನೇ ಮುರೀತೀನಿ. ತಂಗಿಗೋಸ್ಕರ. ಈ ಹಸುಗೂಸಿಗೋಸ್ಕರ!" ಎಂದು ಘೋಷಿಸಿದರು. ಎಂಥ ತ್ಯಾಗ ಎಂದು ಗಂಡಸರು ತಲೆದೂಗುವಷ್ಟರಲ್ಲಿ ಸಿಗರೇಟು ಕಿವಿಯಿಂದ ತುಟಿಗೆ ಬಂದಾಗಿತ್ತು. ಶಹಾತಾ ಲೈಟರು ಹಿಡಿಯುವುದೊಂದೇ ತಡ, ಎಳೆದರು. ಆಹಾ! ಕಣ್ಣು ತಾನಾಗಿ ಮುಚ್ಚಿತು. ಭುಜಗಳು ಇಳಿದವು. ಕೊನೆಯ ದಮ್ಮಿನವರೆಗೂ, ಬೆರಳು ಸುಡುವವರೆಗೂ, ಆ ಮಹಾತ್ಯಾಗ ನಡೆಯಿತು.

ಕಣ್ಣು ಬಿಟ್ಟಾಗ ಎದುರಿಗೆ ಹಾತಿಮ್. ಅವನ ಮುಖದಲ್ಲಿ ಮತ್ತೆ ಆ ಹಳೆಯ ಕನಿಕರ. ಪಕ್ಕದಲ್ಲಿ ಇನ್ಸಾಫ್.

"ಇಷ್ಟು ಸಂತೋಷವಾಗಿ ತ್ಯಾಗ ಮಾಡೋರನ್ನ ನಾನು ನೋಡೇ ಇರಲಿಲ್ಲ," ಅಂದಳು. "ದೇವರ ಬಾಕಿ ಹೇಗೆ ತೀರಿಸ್ಬೇಕು ಅಂತ ಶೇಖ್ ಹೇಳಿದ್ರು. ನನ್ನ ಬಾಕಿ ಕೇಳಿ. ಆ ಹತ್ತು ಜನಕ್ಕೆ ನೀವೇ ಅಡುಗೆ ಮಾಡಿ ಬಡಿಸ್ಬೇಕು. ಅಲ್ಲೀತನಕ ನಾನಿಲ್ಲೇ, ನಮ್ಮಮ್ಮನ ಹತ್ರ. ಮಕ್ಕಳು ನಿಮ್ ಜೊತೆ ಬರ್ತಾರೆ. ಸಿಗರೇಟಿಗೆ ಬೆಲೆ ಎಷ್ಟು ಅಂತ ಅವರಿಗೆ ಹೇಳೋದು ಬೇಡ, ತೋರಿಸಿ."

ಹಾಜ್ಜಾ ತಫೀದಾ ಒಪ್ಪಿಗೆಯಾಗಿ ಕುಟ್ಟಾಣಿಯನ್ನು ಒಂದು ಸಲ ಢಣ್ಣೆನಿಸಿದಳು.

ಬರೀ ಉಪವಾಸ ಮಾಡಿದರೆ ಸಾಲದೇ ಎಂದು ಉಸ್ತಾದರು ಶೇಖರನ್ನು ಗುಟ್ಟಾಗಿ ಕೇಳಿ ನೋಡಿದರು. ಅದು ಉಣಿಸಲು ಗತಿಯಿಲ್ಲದವರಿಗೆ, ನಿಮ್ಮ ಹೊಟ್ಟೆ ನೋಡಿದರೆ ಹಾಗನ್ನಿಸುವುದಿಲ್ಲ ಎಂದರು ಶೇಖ್. ಬಡವರನ್ನು ಹುಡುಕಲು ಹೊರಟರೆ ಅದಿನ್ನೊಂದು ಫಜೀತಿ. ಕಟ್ಟಡದ ಕಾವಲುಗಾರನನ್ನು ಕರೆದರೆ, ನಾನು ನಿಮ್ಮ ಕಣ್ಣಿಗೆ ಬಡವನ ಹಾಗೆ ಕಾಣುತ್ತೇನಾ ಎಂದು ಮುನಿಸಿಕೊಂಡು, ಅವತ್ತಿನಿಂದ ಲಿಫ್ಟು ಕೆಟ್ಟಿದೆ ಎಂದು ಸುಳ್ಳು ಹೇಳತೊಡಗಿದ. ಕೊನೆಗೆ ಶೇಖರೇ ಶುಕ್ರವಾರ ಹತ್ತು ಜನರನ್ನು ಕಳಿಸುತ್ತೇನೆಂದು ಒಪ್ಪಿಕೊಂಡರು.

ಆ ದಿನಗಳಲ್ಲಿ ಮನೆಯ ಸ್ಥಿತಿ ಏನು ಹೇಳಲಿ! ಮೂವರೂ ಬೆಳಿಗ್ಗೆ ಬೇಯಿಸಿದ ಅವರೆಕಾಳು, ಸಂಜೆ ಬೇಯಿಸಿದ ಅವರೆಕಾಳು ತಿಂದರು. ಉಸ್ತಾದರು ದಿನಾ ಅತ್ತೆಮನೆಗೆ ಹೋಗಿ ಹೊಸ್ತಿಲಲ್ಲಿ ನಿಂತು, ಮಗು ಹೇಗಿದೆ ಎಂದು ವಿಚಾರಿಸುವರು. ಮಗು ಚೆನ್ನಾಗಿದೆ ಎಂದು ಉತ್ತರ ಬರುವುದು, ಇನ್ಸಾಫ್ ಬರುತ್ತಿರಲಿಲ್ಲ. ರಾತ್ರಿ ಹಾಸಿಗೆಯ ಆ ಪಕ್ಕ ಖಾಲಿ ಕಂಡಾಗ, ಆಡಿದ ಮಾತು ಬರೀ ಮಾತಲ್ಲವೆಂದು ಅವರಿಗೆ ಹೆದರಿಕೆಯಾಗುತ್ತಿತ್ತು.

ಶುಕ್ರವಾರ ಬಂತು. ಅನ್ನ ತಳದಲ್ಲಿ ಸೀದು ಮೇಲೆ ಬೇಯದೆ ನಿಂತಿತು. ಉಪ್ಪಿನ ಡಬ್ಬ ಹುಡುಕಿ ಹುಡುಕಿ ಸಾಕಾಯಿತು. ಮುಲೂಖಿಯಾ ಸೊಪ್ಪಿನ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಬೀಳುವ ಗಳಿಗೆಯಲ್ಲಿ ನಜ್ಲಾ ತಡೆದಳು. ಒಗ್ಗರಣೆ ಬೀಳುವಾಗ ಅಮ್ಮ 'ಹಾ!' ಎಂದು ಜೋರಾಗಿ ಉಸಿರೆಳೆಯುತ್ತಾಳೆ, ಎಳೆಯದಿದ್ದರೆ ಸಾರಿಗೆ ರುಚಿ ಹತ್ತುವುದಿಲ್ಲ ಎಂದಳು. ಅದು ನಿಜವೇ, ನಮ್ಮ ಅಡುಗೆಮನೆಗಳಲ್ಲಿ ಆ ಉಸಿರಿಲ್ಲದ ಮುಲೂಖಿಯಾವನ್ನು ಯಾರೂ ಮುಟ್ಟುವುದಿಲ್ಲ. ಉಸ್ತಾದರು ಎದೆಯುಬ್ಬಿಸಿ 'ಹಾ' ಎಂದು ಎಳೆದರು. ಅರ್ಧಕ್ಕೇ ಸಿಕ್ಕಿಕೊಂಡಿತು! ಇಷ್ಟು ವರ್ಷದ ಹೊಗೆಯೆಲ್ಲ ಎದ್ದು ಬಂದು ಗಂಟಲು ಹಿಡಿಯಿತು. ಕೆಮ್ಮಿದರು, ಕೆಮ್ಮಿದರು, ಒಲೆ ಹಿಡಿದುಕೊಂಡು ಬಗ್ಗಿ ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದರು. ಹಾತಿಮ್ ನೀರು ತಂದು ಅವರ ಬೆನ್ನು ನೀವಿದ.

"ಅಜ್ಜನ ಕೆಮ್ಮು ಹೀಗೇ ಇತ್ತಾ ಅಪ್ಪ?" ಎಂದು ಕೇಳಿದ.

ಉಸ್ತಾದರು ಹೂಂ ಎಂದು ತಲೆಯಾಡಿಸಿದರು. ಹಾತಿಮ್ ಬೆನ್ನು ನೀವುತ್ತಲೇ ಇದ್ದ. ನಜ್ಲಾ ಮುಂದೆ ಬಂದು, ಅಮ್ಮನಂತೆಯೇ ಉಸಿರೆಳೆದು, ಒಗ್ಗರಣೆ ಹಾಕಿದಳು.

ಹತ್ತು ಜನ ಬಂದು ನೆಲದ ಮೇಲೆ ಸುತ್ತ ಕುಳಿತರು. ಎಲ್ಲ ಮಂಡಿಯ ಮೂಟೆ ಹೊರುವವರು. ಅವರಲ್ಲಿ ಹಿರಿಯ ಮುದುಕ ಬಯ್ಯೂಮಿ. ಇನ್ಸಾಫ್ ತಾಯಿಯ ಜೊತೆ ಬಂದು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತಳು, ಎದುರು ಪಕ್ಷದ ವಕೀಲೆಯ ಹಾಗೆ. ತಲೆವಸ್ತ್ರ ಬಿಚ್ಚಲಿಲ್ಲ, ಕೈಚೀಲ ಕೆಳಗಿಡಲಿಲ್ಲ. ಉಸ್ತಾದರು ಬಡಿಸಿದರು. ಬಂದವರು ದೊಡ್ಡ ಮನಸ್ಸಿನವರು, ಮುಖ ಕಿವುಚದೆ ಉಂಡರು. ಬಯ್ಯೂಮಿ ಕೈ ತೊಳೆದು, ಮನೆಯನ್ನು ಹರಸಿ, ಅಂಗಿಯ ಒಳಜೇಬಿನಿಂದ ಒಂದೇ ಒಂದು ಸಿಗರೇಟು ತೆಗೆದು ಯಜಮಾನರಿಗೆ ನೀಡಿದ. ಅದು ಅವನ ಹತ್ತಿರ ಇದ್ದ ಕೊನೆಯದು. ಉಸ್ತಾದರು ಕೈ ಚಾಚದಿದ್ದುದನ್ನು ಕಂಡು ಅವನು ಏನೋ ಹೇಳಲು ಬಾಯಿ ತೆರೆದ.

"ಬಯ್ಯೂಮಿ ಅಜ್ಜ, ದಮ್ಮಯ್ಯ, ಆಣೆ ಮಾತ್ರ ಇಡಬೇಡಿ," ಎಂದು ಉಸ್ತಾದರು ಅವನ ಎರಡೂ ಕೈ ಹಿಡಿದುಕೊಂಡರು. ಯಾರ ಕಡೆಗೂ ತಿರುಗದೆ, ದನಿ ಏರಿಸದೆ ಹೇಳಿದರು: "ಹೋದ ಸಲ ಇಂಥದ್ದೊಂದು ಸೇದಿದೆ. ಅವತ್ತಿಂದ ನನ್ನ ಹೆಂಡತಿ ಮನೇಲಿಲ್ಲ. ಮಕ್ಕಳಿಗೆ ನೆಟ್ಟಗೆ ಊಟ ಇಲ್ಲ. ಮಗನ ಮುಖ ನೋಡೋಕೆ ನಾಚಿಕೆ ಆಗುತ್ತೆ. ನಿಮ್ಮಂಥ ಹಿರಿಯರಿಗೆ ಸೀದ ಅನ್ನ ಬಡಿಸೋ ಹಾಗಾಯ್ತು. ಇನ್ನೊಂದು ಸೇದೋ ಶಕ್ತಿ ನನಗಿಲ್ಲ."

ಅವರ ಜೀವಮಾನದಲ್ಲೇ ಚಿಕ್ಕ ಭಾಷಣ ಅದು. ಮಕ್ಕಳಿಬ್ಬರೂ ಅಲ್ಲಾಡದೆ ಕೇಳಿದರು. ಇನ್ಸಾಫ್ ಎದ್ದು ಕೈಚೀಲ ಕೆಳಗಿಟ್ಟಳು. ತಲೆವಸ್ತ್ರ ಬಿಚ್ಚಿ ಅಡುಗೆಮನೆಗೆ ಹೋಗಿ, ಕಣ್ಣು ಮುಚ್ಚಿಕೊಂಡೇ ಎಂಬಂತೆ ಉಪ್ಪಿನ ಡಬ್ಬ ತೆಗೆದು ತಂದು, ಯಾರಿಗಾದರೂ ಇನ್ನೂ ಬೇಕೇ ಎಂದು ಕೇಳಿದಳು. ಉಸ್ತಾದರು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು.

ಬಯ್ಯೂಮಿ ಮಾತ್ರ ಬಹಳ ಯೋಚಿಸುತ್ತಿದ್ದ. ತನ್ನ ಒಂಬತ್ತು ಜನರನ್ನೂ ಒಮ್ಮೆ ನೋಡಿದ. ಅವರೂ ಅವನನ್ನು ನೋಡಿದರು. ಆಮೇಲೆ ಆ ಕೊನೆಯ ಸಿಗರೇಟನ್ನು ನಿಧಾನವಾಗಿ ಉಸ್ತಾದರ ಮುಂದೆ ಸರಿಸಿದ.

"ಹಾಗೆಲ್ಲ ಧೈರ್ಯ ಕಳ್ಕೋಬಾರದು ಉಸ್ತಾದ್. ಸೇದಿ. ಮುಂದಿನ ಶುಕ್ರವಾರಾನೂ ನಾವು ಬಿಡುವಾಗೇ ಇರ್ತೀವಿ. ಅಡುಗೆ ಮಾತ್ರ ಈ ತಾಯಿ ಮಾಡ್ಲಿ."